ಹೆಂಗೂ ಹೋಗ್ತೀಯಲ್ಲ!

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒಂದೊಂದೇ ಅಕ್ಷರ ನೋಡಿಕೊಂಡು ನಿಧಾನವಾಗಿ ಬರೆದರೂ ಸಾಲು ಕೊನೆಗೆ ಬರುವಷ್ಟರಲ್ಲಿ ಕೆಳಗೆ ವಾಲಿಬಿಡುತ್ತದೆ, ಬಸ್ಸಿನಲ್ಲಿ ನಿದ್ದೆ ಹತ್ತಿದವರ ತಲೆಯ ಹಾಗೆ. ಮಾತುಗಳೂ ಅಷ್ಟೇ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವಳು ನಾನು, ದೊಡ್ಡ ಪದಗಳು ನನಗೆ ಬರುವುದಿಲ್ಲ. ಸಂಪಾದಕರು ದಯವಿಟ್ಟು ತಪ್ಪು ತಿದ್ದಿಕೊಳ್ಳಬೇಕು. ನಡೆದದ್ದನ್ನು ಮಾತ್ರ ತಿದ್ದಬೇಡಿ. ಅದು ಹಾಗೆಯೇ ನಡೆದದ್ದು.

ಆ ಸೋಮವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. "ಇವತ್ತು ಮುಖ್ಯ ಕಥೆ ಮಾತ್ರ! ಪಕ್ಕದ ಕೆಲಸ ಒಂದೂ ಇಲ್ಲ!" ಕನ್ನಡಿಯಲ್ಲಿದ್ದವಳೂ ಗಂಭೀರವಾಗಿ ತಲೆಯಾಡಿಸಿದಳು. ಅವಳನ್ನು ನಂಬಬಾರದಾಗಿತ್ತು.

ಮುಖ್ಯ ಕಥೆ, ಪಕ್ಕದ ಕೆಲಸ ಅಂದರೆ ಏನೆಂದು ತಿಳಿಯಬೇಕಾದರೆ ನಮ್ಮ ಮನೆಯ ಕಂಪ್ಯೂಟರಿನ ವಿಷಯ ಹೇಳಬೇಕು. ನಮ್ಮದು ಬಸವಾಪಟ್ಟಣ. ನಮ್ಮಣ್ಣ ಕಲ್ಲೇಶ್ ಯಾರದೋ ಹಳೆಯ ಕಂಪ್ಯೂಟರನ್ನು ತಂದು ನಡುಮನೆಯಲ್ಲಿ ಮೆಕ್ಕೆಜೋಳದ ಚೀಲದ ಪಕ್ಕ ಇಟ್ಟಿದ್ದಾನೆ. ಅದರಲ್ಲೊಂದು ಆಟವಿದೆ. ಆಟವೆಂದರೆ ಸುಮ್ಮನೆ ಗುಂಡು ಹಾರಿಸುವುದಲ್ಲ, ಒಂದು ದೊಡ್ಡ ಕಥೆ. ಕಥೆಯ ನಾಯಕಿಯ ತಮ್ಮನನ್ನು ಒಬ್ಬ ದುಷ್ಟ ದೊರೆ ಹೊತ್ತುಕೊಂಡು ಹೋಗಿ ಬೆಟ್ಟದ ಕೋಟೆಯಲ್ಲಿ ಕೂಡಿಹಾಕಿದ್ದಾನೆ. ನಾಯಕಿ ಹೋಗಿ ಬಿಡಿಸಿಕೊಂಡು ಬರಬೇಕು. ಇದು ಮುಖ್ಯ ಕಥೆ. ಆದರೆ ಕೋಟೆಗೆ ಹೋಗುವ ದಾರಿಯಲ್ಲಿ ಇಡೀ ಒಂದು ರಾಜ್ಯವೇ ಇದೆ! ಹಳ್ಳಿ, ಕೆರೆ, ಕಾಡು, ಸಂತೆ. ಎಲ್ಲಿ ಬೇಕಾದರೂ ತಿರುಗಬಹುದು. ಅಲ್ಲಲ್ಲಿ ಯಾರೋ ಒಬ್ಬರು ತಲೆಯ ಮೇಲೆ ಹಳದಿ ಗುರುತು ಹೊತ್ತುಕೊಂಡು ನಿಂತಿರುತ್ತಾರೆ. ಒಬ್ಬ ಅಜ್ಜಿಯ ಕೋಳಿ ಕಳೆದಿದೆ, ಹುಡುಕಿಕೊಡಬೇಕು. ಅಂಬಿಗನ ಬಲೆ ಹರಿದಿದೆ, ನಾರು ತಂದುಕೊಡಬೇಕು. ಅಣ್ಣ ಇವಕ್ಕೆ ಸೈಡ್ ಮಿಷನ್ ಅನ್ನುತ್ತಾನೆ. ನಾನು ಪಕ್ಕದ ಕೆಲಸ ಅನ್ನುತ್ತೇನೆ.

ಅಣ್ಣ ಕೆಲಸಕ್ಕೆ ಹೋದ ಮೇಲೆ ನಾನು ಆಡುತ್ತೇನೆ. ಆ ರಾಜ್ಯದಲ್ಲಿ ಕಳೆದುಹೋದ ಕೋಳಿ ಈಗ ಒಂದೂ ಉಳಿದಿಲ್ಲ. ಹರಿದ ಬಲೆ ಇಲ್ಲ. ಅಣ್ಣೆಸೊಪ್ಪಿನಂಥ ಏನೋ ಒಂದು ಸೊಪ್ಪು ಬೆಳೆಯುತ್ತದೆ, ಅದನ್ನೂ ಬಿಡದೆ ಕಿತ್ತಿದ್ದೇನೆ. ಕೋಟೆಯ ಕಡೆಗೆ ಮಾತ್ರ ಹೋಗಿಲ್ಲ.

"ಲೇ ಸಂಧಿ, ಅಲ್ಲಿ ನಿನ್ನ ತಮ್ಮನ ಕುತ್ತಿಗೆ ಮ್ಯಾಲೆ ಕತ್ತಿ ಐತೆ. ನೀನು ಇಲ್ಲಿ ಮೀನು ಹಿಡೀತಾ ಕುಂತಿದೀಯಾ?" ಎಂದು ಅಣ್ಣ ಹಣೆ ಚಚ್ಚಿಕೊಳ್ಳುತ್ತಾನೆ.

"ಅವನೇನೂ ಸಾಯಲ್ಲ ಬಿಡು. ನಾನು ಹೋಗೋ ತನಕ ಆ ದೊರೆ ಕತ್ತಿ ಎತ್ಕಂಡೇ ನಿಂತಿರ್ತಾನೆ."

"ಪಾಪ, ಅವನ ರಟ್ಟೆಗಾದ್ರೂ ಕರುಣೆ ತೋರ್ಸೇ!"

ಅಣ್ಣ ನಗಲಿ. ನನಗೆ ಅನ್ನಿಸುವುದು ಬೇರೆ. ಮುಖ್ಯ ಕಥೆಯಲ್ಲಿ ನಾಯಕಿ ಕೂಗುತ್ತಾಳೆ, ಸವಾಲು ಹಾಕುತ್ತಾಳೆ, ಎಲ್ಲರ ಕಣ್ಣೂ ಅವಳ ಮೇಲೆ. ನನಗೆ ಅದನ್ನು ನೋಡಿದರೇ ಕೈ ಬೆವರುತ್ತದೆ. ಪಕ್ಕದ ಕೆಲಸದಲ್ಲಿ ಹಾಗಿಲ್ಲ. ಕೋಳಿ ತಂದುಕೊಟ್ಟರೆ ಅಜ್ಜಿ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತಾಳೆ, ಒಂದು ರೊಟ್ಟಿ ಕೊಡುತ್ತಾಳೆ, ಅವಳ ತಲೆಯ ಮೇಲಿನ ಗುರುತು ಅಳಿಸಿಹೋಗುತ್ತದೆ. ಅಜ್ಜಿ, ಅಂಬಿಗ ಇಲ್ಲದಿದ್ದರೆ ಆ ರಾಜ್ಯ ಯಾರಿಗಾಗಿ ಉಳಿಯಬೇಕು? ಬರೀ ಕೋಟೆ, ಬರೀ ಕತ್ತಿ ಇದ್ದರೆ ಅದು ಊರೇ ಅಲ್ಲ. ಆಟ ಮಾಡಿದವರಿಗೆ ಇದು ಗೊತ್ತಿದೆ. ಅದಕ್ಕೇ ಅವರು ಕಥೆಗೆ ಒಂದು ದೊಡ್ಡ ಗುಣ ಕೊಟ್ಟಿದ್ದಾರೆ: ಅದು ಕಾಯುತ್ತದೆ. ನೀವು ಸೊಪ್ಪು ಕಿತ್ತು ಮುಗಿಸುವ ತನಕ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಈ ಗುಣವನ್ನು ನಂಬಿಯೇ ನಾನು ಕೆಟ್ಟೆ.

ನನ್ನ ಓದು ನಿಂತದ್ದೂ ಹೀಗೆಯೇ. ಅಮ್ಮನ ಸೊಂಟ ಹಿಡಿದುಕೊಂಡಿತು. "ಸ್ವಲ್ಪ ದಿನ ಮನೇಲಿರು, ಆಮ್ಯಾಲೆ ಕಾಲೇಜು ಇದ್ದೇ ಐತಲ್ಲ" ಎಂದರು ಮನೆಯವರು. ಸೊಂಟ ಬಿಟ್ಟಿತು. ಅಡುಗೆಮನೆ ನನ್ನನ್ನು ಬಿಡಲಿಲ್ಲ.

ಈಗ ಸೋಮವಾರದ ಕಥೆ. ಚನ್ನಗಿರಿಯಲ್ಲಿ ಹೆಣ್ಣುಮಕ್ಕಳಿಗೆ ಮೊಬೈಲ್ ರಿಪೇರಿ ಕಲಿಸುವ ಕೇಂದ್ರವೊಂದು ಶುರುವಾಗಿದೆ. ಊಟ, ವಸತಿ ಅಲ್ಲೇ. ಕಲಿತ ಮೇಲೆ ಅಂಗಡಿಯಲ್ಲಿ ಕೆಲಸ. ಈ ಸುದ್ದಿ ಕೇಳಿದಾಗ ನನಗೆ ಯಾರೋ ನನ್ನ ಅಳತೆ ತೆಗೆದು ಈ ಕೆಲಸ ಹೊಲಿದಿದ್ದಾರೆ ಅನ್ನಿಸಿತು! ಮೊಬೈಲ್ ರಿಪೇರಿ ಮಾಡುವವರು ಯಾರ ಮುಖವನ್ನೂ ನೋಡಬೇಕಿಲ್ಲ. ತಲೆ ಬಗ್ಗಿಸಿ ಸಣ್ಣ ಸಣ್ಣ ಸ್ಕ್ರೂ ಬಿಚ್ಚುತ್ತಾ ಕೂತರಾಯಿತು. ಅಣ್ಣನ ಆಟದ ರಿಮೋಟು ಕೆಟ್ಟಾಗ ನಾನೇ ಬಿಚ್ಚಿ, ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು, ಒಂದೂ ಉಳಿಯದಂತೆ ವಾಪಸ್ ಕೂಡಿಸಿದ್ದೆ. ಅದು ಇವತ್ತಿಗೂ ಓಡುತ್ತಿದೆ.

ಅಪ್ಪಾಜಿ ಒಪ್ಪುವುದಕ್ಕೆ ಬಹಳ ದಿನ ಹಿಡಿಯಿತು. ಕೊನೆಗೆ, "ಹೋಗಿ ನೋಡು. ಸೀಟು ಸಿಕ್ರೆ ಸೇರು. ಸಿಗ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಈ ಮನೇಲಿ ಎತ್ತಂಗಿಲ್ಲ" ಎಂದರು. ಸೋಮವಾರ ಹನ್ನೊಂದಕ್ಕೆ ಆಯ್ಕೆ. ಒಬ್ಬೊಬ್ಬರ ಹೆಸರನ್ನೇ ಕೂಗುತ್ತಾರೆ, ಹೋಗಿ ಒಂದು ಹಳೆಯ ಮೊಬೈಲು ಬಿಚ್ಚಿ ಕೂಡಿಸಿ ತೋರಿಸಬೇಕು. ಹೆಸರು ಕೂಗಿದಾಗ ಇಲ್ಲದವರ ಜಾಗ ಕಾಯುತ್ತಾ ಕೂತವರಿಗೆ. ನನ್ನ ಮುಂದಿದ್ದದ್ದು ಇಷ್ಟೇ: ಬಸ್ಸು ಹತ್ತುವುದು, ಇಳಿಯುವುದು, ಹೆಸರು ಕೂಗಿದರೆ ಎದ್ದು ನಿಲ್ಲುವುದು.

ಚಪ್ಪಲಿ ಮೆಟ್ಟಿದೆ. ಒಳಗಿನಿಂದ ಅಮ್ಮ ಬಂದಳು. ಕೈಯಲ್ಲಿ ಮಿಕ್ಸಿ ಜಾರು.

"ಹೆಂಗೂ ಚನ್ನಗಿರಿಗೆ ಹೋಗ್ತೀಯಲ್ಲ. ಇದರ ತಳ ಸೋರ್ತೈತೆ. ರಿಪೇರಿಗೆ ಕೊಟ್ಟು, ಬರೋವಾಗ ತಗಂಡು ಬಾ. ಚಟ್ನಿ ರುಬ್ಬಾಕೆ ಆಗ್ತಾ ಇಲ್ಲ."

"ಅಮ್ಮಾ, ಇವತ್ತು..."

"ಜಾರು ಏನು ನಿನ್ನ ಕೈ ಕಚ್ಚುತ್ತಾ?"

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಸಾವಂತ್ರಮ್ಮನವರ ತಲೆ ಮೇಲೆ ಬಂತು, ಅದರ ಹಿಂದೆಯೇ ಒಂದು ಡಬ್ಬಿ. "ಅವ್ವಾ ಸಂಧ್ಯಾ, ಹೆಂಗೂ ಹೋಗ್ತೀಯಲ್ಲ! ಮಜ್ಜಿಗೆ ಮೆಣಸಿನಕಾಯಿ. ನನ್ನ ಮಗಳು ಅರುಣನ ಮನೆಗೆ ಕೊಟ್ಬಿಡು. ಬಾಣಂತಿ ಬಾಯಿ ಕೆಟ್ಟೈತಂತೆ ಅದಕ್ಕೆ."

ಕೊನೆಗೆ ಅಪ್ಪಾಜಿ. ಒಂದು ಅಡಿಕೆ ಪೊಟ್ಟಣ. "ಇದನ್ನ ಮಂಡಿ ಹಾಲಸ್ವಾಮಿ ಕೈಗೆ ಕೊಡು. ಮಾಲು ನೋಡಿ ಏನಂತಾನೆ ಕೇಳ್ಕಂಡು ಬಾ. ಹೆಂಗೂ..."

"ಹೋಗ್ತೀನಲ್ಲ" ಎಂದು ನಾನೇ ಮುಗಿಸಿದೆ.

ನಮ್ಮ ಕಡೆ ತಾಲ್ಲೂಕಿಗೆ ಹೊರಟವರು ಬರಿಗೈಯಲ್ಲಿ ಹೊರಡುವುದು ಅಂದರೆ ಅವರಿಗೆ ಜನ ಇಲ್ಲ ಎಂದು ಅರ್ಥ! ನನಗೆ ಜನ ಬಹಳ. ಬಸ್ಸಿನಲ್ಲಿ ಕೂತಾಗ ನನ್ನ ಮಡಿಲು ಒಂದು ಸಣ್ಣ ಸಂತೆಯಾಗಿತ್ತು. ಅಣ್ಣ ಫೋನ್ ಮಾಡಿದ. "ಲೇ, ಮೊದ್ಲು ಸೀದಾ ಕೇಂದ್ರಕ್ಕೆ ಹೋಗು. ಉಳಿದದ್ದು ಆಮ್ಯಾಲೆ. ಕೇಳುಸ್ತಾ?"

ಕೇಳಿಸಿತು. ಆದರೆ ಬಸ್ಸು ಇಳಿದಾಗ ಒಂಬತ್ತೂ ಆಗಿರಲಿಲ್ಲ. ಮಿಕ್ಸಿ ರಿಪೇರಿ ಅಂಗಡಿ ಎದುರಿಗೇ ಇತ್ತು. ಎಷ್ಟು ಹೊತ್ತು ಹಿಡಿದೀತು? ದಾರಿಯಲ್ಲಿ ಸಿಕ್ಕಿದ್ದನ್ನು ಮುಗಿಸಿಕೊಂಡು ಹೋದರೆ ಕೋಟೆಯ ಹೊತ್ತಿಗೆ ಕೈ ಖಾಲಿ, ಮನಸ್ಸು ಹಗುರ. ಆಟದಲ್ಲಿ ನಾನು ಕಲಿತದ್ದೇ ಇದು!

ರಿಪೇರಿಯವರು ಜಾರನ್ನು ತಿರುಗಿಸಿ ನೋಡಿ, "ತಳದ ಬುಷ್ ಹೋಗೈತಮ್ಮ. ಈ ಕಂಪನೀದು ನನ್ನತ್ರ ಇಲ್ಲ. ಆ ಕಡೆ ಪಾತ್ರೆ ಅಂಗಡೀಲಿ ಸಿಗ್ತೈತೆ, ತಗಂಡು ಬಾ ಓಡು" ಎಂದರು. ಒಂದು ಕೆಲಸದ ಹೊಟ್ಟೆಯಲ್ಲಿ ಇನ್ನೊಂದು ಕೆಲಸ! ಆಟದಲ್ಲೂ ಹೀಗೆಯೇ. ನನಗೆ ಗುರುತು ಸಿಕ್ಕಂತಾಗಿ ಖುಷಿಯೇ ಆಯಿತು ಅನ್ನಿ. ಪಾತ್ರೆ ಅಂಗಡಿಯವರು ಇನ್ನೂ ಬಾಗಿಲು ತೆಗೆದಿರಲಿಲ್ಲ. ಕಾದೆ. ಬುಷ್ ತಂದೆ. ಅದು ಒಂದು ಕೂದಲೆಳೆ ದೊಡ್ಡದಾಯಿತು. ಬದಲಿಸಿಕೊಂಡು ಬಂದೆ. ಜಾರಿಗೆ ನೀರು ಹಾಕಿಸಿ, ತಳಕ್ಕೆ ಪೇಪರ್ ಹಿಡಿದು, ಒಂದು ಹನಿಯೂ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆಯೇ ಅಲ್ಲಿಂದ ಕದಲಿದ್ದು. ರಿಪೇರಿಯವರು, "ನೀನು ಕೋರ್ಟ್‌ನಲ್ಲಿ ಕೆಲ್ಸಕ್ಕೆ ಸೇರಮ್ಮ" ಎಂದರು.

ಅರುಣಕ್ಕನ ಮನೆಯಲ್ಲಿ ಡಬ್ಬಿ ಕೊಟ್ಟು ತಿರುಗಿದೆ.

"ಅಯ್ಯೋ, ಬಾಗ್ಲಲ್ಲೇ ನಿಂತು ಹೋಗ್ತೀಯಾ? ಬಾರೇ ಒಳಗೆ. ಒಂದು ಗಳಿಗೆ ಪಾಪೂನ ನೋಡ್ಕ, ನಲ್ಲೀಲಿ ನೀರು ಬಂದೈತೆ, ಹಿಡ್ಕಂಡು ಬರ್ತೀನಿ."

"ಅಕ್ಕಾ, ನನಗೆ ಹನ್ನೊಂದಕ್ಕೆ..."

ನನ್ನ ಮಾತು ಮುಗಿಯುವಷ್ಟರಲ್ಲಿ ಪಾಪು ನನ್ನ ತೊಡೆಯ ಮೇಲಿತ್ತು, ಅರುಣಕ್ಕ ನಲ್ಲಿಯ ಹತ್ತಿರ ಇದ್ದಳು. ಪಾಪು ನನ್ನನ್ನು ನೋಡಿತು. ನಾನು ಪಾಪುವನ್ನು ನೋಡಿದೆ. ಇಬ್ಬರೂ ಮಾತನಾಡುವವರಲ್ಲ. ಹಾಗಾಗಿ ಹೊಂದಿಕೆಯಾಯಿತು, ನನ್ನ ಚೂಡಿದಾರ್ ಒದ್ದೆಯಾದದ್ದು ಬಿಟ್ಟರೆ. ಅರುಣಕ್ಕ ಬಂದು, "ಎಂಥ ಬಂಗಾರದಂಥ ಹುಡುಗಿ!" ಎಂದು ನನ್ನ ಕೈಗೆ ಒಂದು ದುಂಡು ಮಲ್ಲಿಗೆ ಗಿಡವನ್ನು ಬೇರುಮಣ್ಣಿನ ಸಮೇತ ಕೊಟ್ಟಳು. "ನಮ್ಮಮ್ಮ ಕೇಳಿದ್ಲು. ಹೆಂಗೂ ಊರಿಗೆ ಹೋಗ್ತೀಯಲ್ಲ!"

ನೋಡಿ, ಹೋಗುವಾಗ ಒಂದು, ಬರುವಾಗ ಒಂದು. ಆಟದಲ್ಲಿ ನಾಯಕಿ ಒಂದು ಸಿಳ್ಳೆ ಹಾಕಿದರೆ ಸಾಕು, ಎಲ್ಲಿದ್ದರೂ ಕುದುರೆ ಓಡಿ ಬರುತ್ತದೆ. ಏನು ಹೇರಿದರೂ ಹೊರುತ್ತದೆ. ಯಾಕೆ ಎಂದು ಕೇಳುವುದಿಲ್ಲ. ಗಿಡ ಒಂದು ಕೈಯಲ್ಲಿ, ಜಾರು ಇನ್ನೊಂದು ಕೈಯಲ್ಲಿ ಹಿಡಿದು ಮಂಡಿಯ ಕಡೆ ಓಡುವಾಗ ನನಗೆ ಮೊದಲ ಸಲ ಅನುಮಾನ ಬಂತು. ಇಷ್ಟು ದಿನ ನಾನು ನಾಯಕಿ ಎಂದುಕೊಂಡಿದ್ದೆನಲ್ಲ?

ಮಂಡಿಯಲ್ಲಿ ಬರೀ ಗಂಡಸರು. ನಾನು ಅಡಿಕೆ ಚೀಲಗಳ ಹಿಂದೆ ನಿಂತೆ. ಅಲ್ಲಿ ನಿಂತರೆ ಯಾರಿಗೂ ಕಾಣುವುದಿಲ್ಲ ಎಂಬ ಅನುಕೂಲವೂ ಇತ್ತು, ಅನಾನುಕೂಲವೂ ಇತ್ತು. ಹಾಲಸ್ವಾಮಿಯವರು ತಾವಾಗಿ ನೋಡಲಿ ಎಂದು ಕಾದೆ. ಅವರು ಬೇರೆ ಎಲ್ಲವನ್ನೂ ನೋಡಿದರು. ಕೊನೆಗೆ ಯಾರೋ, "ಅಣ್ಣಾ, ಚೀಲದ ಹಿಂದೆ ಒಂದು ಮಲ್ಲಿಗೆ ಗಿಡ ನಿಂತೈತೆ ನೋಡ್ರಿ" ಎಂದರು.

"ಯಾರ ಮಗಳಮ್ಮ ನೀನು?"

"ಬಸವಾಪಟ್ಟಣ... ಮಲ್ಲಿಕಾರ್ಜುನಪ್ಪ..." ನನ್ನ ಸ್ವರ ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳಮ್ಮಾ! ಅಡಿಕೆಗಂತೂ ಬಾಯಿಲ್ಲ, ನೀನಾದ್ರೂ ಮಾತಾಡು!"

ಎಲ್ಲರೂ ನಕ್ಕರು. ನಾನು ಪೊಟ್ಟಣ ಚಾಚಿದೆ. ಅವರು ಒಂದು ಅಡಿಕೆ ಕತ್ತರಿಸಿ ನೋಡಿ, "ಚೆನ್ನಾಗೈತೆ, ಇನ್ನೊಂದೆರಡು ಬಿಸಿಲು ಕಾಣ್ಲಿ ಅಂತ ಹೇಳು" ಎಂದರು. ಅಷ್ಟೇ. ಆ ಒಂದು ಸಾಲಿಗಾಗಿ ನಾನು ಚೀಲದ ಹಿಂದೆ ಎಷ್ಟು ಹೊತ್ತು ಕಳೆದೆ ಎಂಬುದು ಗೋಡೆಯ ಗಡಿಯಾರ ನೋಡಿದಾಗ ಗೊತ್ತಾಯಿತು. ಹನ್ನೊಂದು ಆಗುತ್ತಾ ಬಂದಿತ್ತು!

ಓಡಿದೆ. ಎಂದೂ ಓಡದವಳು ಚನ್ನಗಿರಿಯ ನಡುಬೀದಿಯಲ್ಲಿ ಮಲ್ಲಿಗೆ ಗಿಡ ಎತ್ತಿ ಹಿಡಿದು ಓಡಿದೆ! ನೀವು ನಂಬಿ, ಬಿಡಿ, ನಾನು ಸಮಯಕ್ಕೆ ಸರಿಯಾಗಿ ತಲುಪಿದೆ. ಕೇಂದ್ರದ ಹಾಲಿನಲ್ಲಿ ಹುಡುಗಿಯರು ಸಾಲಾಗಿ ಕೂತಿದ್ದರು. ಹೊನ್ನಾಳಿ, ನ್ಯಾಮತಿಯಿಂದೆಲ್ಲ ಬಂದಿದ್ದರು. ಹೆಸರು ಕೂಗುವುದು ಇನ್ನೂ ಶುರುವಾಗಿರಲಿಲ್ಲ. ಪಕ್ಕದ ಕೆಲಸಗಳೆಲ್ಲ ಮುಗಿದಿದ್ದವು. ಇನ್ನು ಮುಖ್ಯ ಕಥೆ! ಗೆದ್ದೆ ಎಂದುಕೊಂಡು ಬಾಗಿಲ ಬಳಿ ಉಸಿರು ಬಿಟ್ಟೆ.

ಆಗ ಕೇಂದ್ರದ ಕಲ್ಪನಾ ಮೇಡಂ ಹೊರಗೆ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೆವರಿದ ಮುಖ, ಒದ್ದೆ ಚೂಡಿದಾರ್, ಮಣ್ಣಾದ ಕೈ, ಮಿಕ್ಸಿ ಜಾರು.

"ಈಗ ಬಂದ್ಯಾ? ಎಷ್ಟೊತ್ತಮ್ಮ ನಿಮ್ಮ ಹೋಟ್ಲೋರದ್ದು? ಅವೆಲ್ಲ ಅತ್ಲಾಗೆ ಇಡು, ಟೀ ತಗಂಡು ಬಾ ಹೋಗು. ಪಾಪ, ಜಗಳೂರಿಂದ ಎಲ್ಲ ಬಂದವ್ರೆ, ಹಸ್ಕಂಡು ಕೂತವ್ರೆ."

ಇಲ್ಲಿ ನಾನು "ನಾನು ಹೋಟೆಲಿನವಳಲ್ಲ ಮೇಡಂ" ಎನ್ನಬೇಕಿತ್ತು. ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡೆ. ಹೇಳಿದರೆ ಮೇಡಂಗೆ ಎಲ್ಲರ ಮುಂದೆ ಅವಮಾನವಾಗುತ್ತದಲ್ಲ ಎಂದು ಯೋಚಿಸಿದೆ. ಅಷ್ಟರಲ್ಲಿ ಕಾಲು ಹೋಟೆಲಿನ ಕಡೆ ಹೊರಟಾಗಿತ್ತು. ಹಸಿದವರಿದ್ದಾರೆ, ಟೀ ಬೇಕು. ಅವರ ತಲೆಯ ಮೇಲೆ ಆ ಹಳದಿ ಗುರುತು ನನಗೆ ಕಂಡೇಬಿಟ್ಟಿತು! ಬೇಗ ತಂದುಕೊಟ್ಟು ಕೂತರಾಯಿತು.

ತಂದೆ. ಎಲ್ಲರಿಗೂ ಕೊಟ್ಟೆ. ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ನಸುಕಿನಾಗೇ ಮನೆ ಬಿಟ್ಟಿದ್ದು ಅಕ್ಕಾ. ಬಾಳ ಉಪಕಾರ ಆತು" ಎಂದಳು. ಜಗಳೂರಿನ ದುರ್ಗಾಂಬಿಕಾ ಅಂತೆ. ಅವಳ ಹೆಸರು ಆಯ್ಕೆಯ ಸಾಲಿನಲ್ಲಿರಲಿಲ್ಲ. ಯಾರಾದರೂ ಬರದಿದ್ದರೆ ಸಿಕ್ಕೀತು ಎಂದು ಕಾಯಲು ಬಂದಿದ್ದಳು. ನನಗೆ ಅಯ್ಯೋ ಅನ್ನಿಸಿತು. "ಸಿಗ್ಲಿ ಬಿಡು" ಎಂದು ಹಾರೈಸಿದೆ. ಹೌದು, ಈ ಬಾಯಿಂದಲೇ ಹಾರೈಸಿದೆ!

ನಾನು ಕೊನೆಯ ಬೆಂಚಿನಲ್ಲಿ ಕೂರಲು ಬಗ್ಗಿದೆ.

"ಅಯ್ಯೋ, ಬಿಸ್ಕೆಟ್ ಸಾಲಲ್ವಲ್ಲಮ್ಮ! ಓಡ್ಹೋಗಿ ತಗಂಡು ಬಾ" ಎಂದರು ಮೇಡಂ.

ಬಗ್ಗಿದವಳು ಹಾಗೆಯೇ ಎದ್ದೆ.

ಎದುರಿನ ಅಂಗಡಿಯಲ್ಲಿ ಮೇಡಂ ಹೇಳಿದ ಬಿಸ್ಕೆಟ್ ಇರಲಿಲ್ಲ. ಬೇರೆ ಯಾವುದಾದರೂ ಒಯ್ಯಬಹುದಿತ್ತು. ನಾನು ಅಂಥ ಕೆಲಸ ಮಾಡುವವಳಲ್ಲ. ಮುಂದಿನ ತಿರುವಿನ ತನಕ ಹೋಗಿ ಅದನ್ನೇ ತಂದೆ.

ವಾಪಸ್ ಬಂದಾಗ ಒಳಗೆಲ್ಲ ಗಪ್‌ಚಿಪ್. ಮುಂದೆ ಮೇಜಿನ ಬಳಿ ದುರ್ಗಾಂಬಿಕಾ ಕೂತು ಮೊಬೈಲು ಕೂಡಿಸುತ್ತಿದ್ದಳು. ಒಂದು ಸ್ಕ್ರೂ ಜಾರಿ ಬಿತ್ತು, ಉರುಳಿತು, ಬಂದು ನನ್ನ ಚಪ್ಪಲಿಯ ತುದಿಗೆ ನಿಂತಿತು. ಅವಳು ಅಳುವ ಮುಖ ಮಾಡಿಕೊಂಡು ನೆಲ ತಡಕುತ್ತಿದ್ದಳು. ನಾನು ಬಿಸ್ಕೆಟ್ ತಟ್ಟೆ ಇಡುವ ನೆಪದಲ್ಲಿ ಬಗ್ಗಿ ಅದನ್ನು ಅವಳ ಅಂಗೈಗೆ ಹಾಕಿದೆ. "ಇದು ಗಿಡ್ಡಂದು. ಮ್ಯಾಲಿನ ತೂತಿಗೆ ಹಾಕು, ಕೆಳಗಿಂದಕ್ಕಲ್ಲ" ಎಂದು ಪಿಸುಗುಟ್ಟಿದೆ. ಹಾಕಿದಳು. ಮೊಬೈಲು ಆನ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಹೆಂಗೆ ಸಿಕ್ತು ನಿನಗೆ?" ಎಂದೆ, ಅವಳು ಹಿಂದೆ ಬಂದು ನನ್ನ ಕೈ ಹಿಡಿದುಕೊಂಡಾಗ.

"ಯಾರೋ ಒಬ್ಬಾಕಿ ಬರ್ಲಿಲ್ಲಂತೆ ಅಕ್ಕಾ! ಮೂರು ಸಲ ಕೂಗಿದ್ರು. ಆಕಿ ಜಾಗ ನನಗೆ ಕೊಟ್ರು."

ಮೇಡಂ ಹತ್ತಿರ ಹೋದೆ. ಕೂಗಿದ ಹೆಸರು ಯಾರದೆಂದು ಕೇಳಲೇಬೇಕು ಎಂದು ಬಾಯಿ ತೆರೆದೆ. ಅವರು ಬಿಸ್ಕೆಟ್ ಹಂಚಿ ಖಾಲಿಯಾದ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಬೆನ್ನು ತಟ್ಟಿ, ಎಲ್ಲ ಹುಡುಗಿಯರಿಗೂ ಕೇಳುವಂತೆ ಹೇಳಿದರು:

"ನೋಡ್ರಮ್ಮ, ಈ ಹುಡುಗೀನ ನೋಡಿ ಕಲೀರಿ. ಹೇಳಿದ್ ಕೆಲ್ಸ ಎಷ್ಟು ಅಚ್ಚುಕಟ್ಟಾಗಿ ಮಾಡ್ತಾಳೆ! ಇನ್ನೊಬ್ಬಳು ಇದಾಳೆ, ಸಂಧ್ಯಾರಾಣಿ ಅಂತೆ. ಬಸವಾಪಟ್ಟಣದಿಂದ ಬರಾಕೂ ಆಗಿಲ್ಲ ಮಹಾರಾಣಿಗೆ! ಇಂಥವ್ರಿಗೆಲ್ಲ ಯಾಕೆ ಬೇಕು ಕಲಿಯೋದು?"

ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನೂ ಸಂಧ್ಯಾರಾಣಿಯ ಬಗ್ಗೆ ಬೇಸರ ಪಟ್ಟುಕೊಂಡವಳಂತೆ ತಲೆಯಾಡಿಸಿದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಪಕ್ಕದ ಹೆಂಗಸು, "ಗಿಡ ಬಾಡಿಲ್ಲ ಕಣಮ್ಮ, ನೆಟ್ರೆ ಚಿಗುರ್ತೈತೆ, ಅದಕ್ಯಾಕೆ ಅಳ್ತೀಯಾ?" ಎಂದರು.

ಮನೆಯಲ್ಲಿ ನನಗೆ ಭವ್ಯ ಸ್ವಾಗತ! ಅಮ್ಮ ಅಲ್ಲೇ ನಿಂತು ಜಾರಿಗೆ ನೀರು ಹಾಕಿ ನೋಡಿದಳು. "ಒಂದು ಹನೀನೂ ಸೋರಲ್ಲ! ಭೇಷ್!" ಸಾವಂತ್ರಮ್ಮ ಕಾಂಪೌಂಡಿನ ಆಚೆಯಿಂದಲೇ ನನಗೆ ದೃಷ್ಟಿ ತೆಗೆದರು. ಅಪ್ಪಾಜಿ ಹಾಲಸ್ವಾಮಿಯ ಮಾತು ಕೇಳಿ ಅಡಿಕೆ ಕೆದರಲು ಅಂಗಳಕ್ಕೆ ಹೋದರು. ಹೋಗುವಾಗ, "ಅದೇನಾತು ಆ ಮೊಬೈಲಿಂದು?" ಎಂದರು.

"ಸಿಗ್ಲಿಲ್ಲ ಅಪ್ಪಾಜಿ."

"ಹೋಗ್ಲಿ ಬಿಡು. ಹೋಗಿದ್ದೇನೂ ದಂಡ ಆಗ್ಲಿಲ್ಲ, ಎಲ್ಲಾ ಕೆಲ್ಸ ಆತಲ್ಲ."

ಅಣ್ಣ ಮಾತ್ರ ನನ್ನ ಮುಖ ನೋಡಿದ. ಕಂಪ್ಯೂಟರ್ ಹಾಕಿ, ಕುರ್ಚಿಯನ್ನು ನನ್ನ ಕಡೆ ತಳ್ಳಿದ. "ಆಡ್ತೀಯೇನೇ?"

"ಬ್ಯಾಡ" ಎಂದೆ. ಅವನು ಗಾಬರಿಯಾದ. ನಾನು ಅವನಿಗೆ ಬೇಡ ಎಂದದ್ದು ಅದೇ ಮೊದಲು.

ಇದನ್ನೆಲ್ಲ ನಗಲಿಕ್ಕೇ ಬರೆದಿದ್ದೇನೆ, ನಕ್ಕುಬಿಡಿ. ದುರ್ಗಾಂಬಿಕಾಳ ಜಾಗ ನನಗೆ ಬೇಡ. ಅವಳು ಕಾದು ಪಡೆದದ್ದು, ಚೆನ್ನಾಗಿ ಕಲಿಯಲಿ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಚನ್ನಗಿರಿಗೆ ಹೋಗುತ್ತೇನೆ. ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಕಲ್ಪನಾ ಮೇಡಂ ಎದುರು ನಿಂತು, ಸಂಧ್ಯಾರಾಣಿ ನಾನೇ, ಸೋಮವಾರ ಬಂದಿದ್ದೆ, ಟೀ ಕೊಟ್ಟವಳು ನಾನೇ ಎಂದು ಹೇಳುತ್ತೇನೆ. ಮುಂದಿನ ಬ್ಯಾಚಿಗೆ ನನ್ನ ಹೆಸರು ಬರೆದುಕೊಳ್ಳಿ ಎಂದು ಕೇಳುತ್ತೇನೆ.